ಹೊರಗೆ ರಬ್ಬರ್, ಒಳಗೆ ಅಂಟು: ಸಿಲಿಕೋನ್–ಪಿಷ್ಟದ ಮಿಶ್ರಣ ಕೈಕೊಡುವುದೆಲ್ಲಿ?

ಪ್ರಶ್ನೆ: ಕೈಯಲ್ಲೇ ಮಿದ್ದು ಆಕಾರ ಕೊಡಬಹುದಾದ ರಬ್ಬರನ್ನು ಮನೆಯಲ್ಲೇ ಮಾಡಲು, ಸಂದು ಮುಚ್ಚಲೆಂದು ಕೊಳವೆಯಲ್ಲಿ ಸಿಗುವ ಸಿಲಿಕೋನ್ ಸೀಲಂಟ್‌ಗೆ ಕಾರ್ನ್‌ಫ್ಲೋರ್ ಬೆರೆಸಿ ನೋಡುತ್ತಿದ್ದೇನೆ. ಹಿಟ್ಟು ಕಡಿಮೆ ಹಾಕಿದಾಗ ಹೊರಗೆ ರಬ್ಬರ್ ಆಯಿತು, ಎರಡು ದಿನ ಕಳೆದರೂ ಒಳಗೆ ಪೇಸ್ಟ್ ಹಾಗೇ ಇತ್ತು. ಹೆಚ್ಚು ಹಾಕಿದಾಗ ಬಗ್ಗಿಸಿದೊಡನೆ ಪುಡಿಪುಡಿಯಾಯಿತು. ಹಿಟ್ಟಿನ ಬದಲು ಸುಣ್ಣದಕಲ್ಲಿನ ನುಣುಪು ಪುಡಿ ಹಾಕಿದರೆ ಉಬ್ಬಿ ತೂತುತೂತಾಯಿತು. ನನಗೆ ಬೇಕಿರುವುದು ಉಪಕರಣಗಳ ಹಿಡಿಕೆಗೆ ಮೆತ್ತನೆಯ ಹೊದಿಕೆ ಮತ್ತು ಚಿಕ್ಕ ಅಚ್ಚುಗಳು. ಸರಿಯಾದ ಅಳತೆ ಯಾವುದು? ಸಿದ್ಧ ರೂಪದಲ್ಲಿ ಸಿಗುವ ಮಿದ್ದುರಬ್ಬರಿಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಮೂರು ಸಲವೂ ತಪ್ಪಿದ್ದು ನೀರಿನ ಲೆಕ್ಕ. ಮೊದಲ ಸಲ ನೀರು ಸಾಲಲಿಲ್ಲ. ಎರಡನೆಯ ಸಲ ನೀರು ಧಾರಾಳವಾಗಿತ್ತು, ಆದರೆ ಅದನ್ನು ಹೊತ್ತುತಂದ ಪುಡಿಯೇ ಅತಿಯಾಯಿತು. ಮೂರನೆಯ ಸಲ ನೀರು ಮಿಶ್ರಣದೊಳಗೇ ಹುಟ್ಟಿತು, ಹುಟ್ಟುವಾಗ ಜೊತೆಗೆ ಅನಿಲವನ್ನೂ ಕರೆತಂದಿತು.

ಸಿಲಿಕೋನ್ ಸೀಲಂಟ್ ಬಣ್ಣದ ಹಾಗೆ ಒಣಗಿ ಗಟ್ಟಿಯಾಗುವುದಿಲ್ಲ. ಬಣ್ಣ ಗಟ್ಟಿಯಾಗುವುದು ಅದರೊಳಗಿನ ದ್ರವ ಆರಿಹೋದಾಗ. ಸೀಲಂಟ್ ಗಟ್ಟಿಯಾಗುವುದು ಹೊರಗಿನ ನೀರು ಅದರೊಳಕ್ಕೆ ಹೊಕ್ಕಾಗ. ಕೊಳವೆಯೊಳಗೆ ಉದ್ದನೆಯ ಸಿಲಿಕೋನ್ ಸರಪಳಿಗಳೂ, ಅವುಗಳ ತುದಿಗಳನ್ನು ಒಂದಕ್ಕೊಂದು ಹೆಣೆಯಬಲ್ಲ ಚಿಕ್ಕ ಅಣುಗಳೂ ಇರುತ್ತವೆ. ನೀರು ತಾಗಿದಾಗ ಈ ಚಿಕ್ಕ ಅಣುಗಳಿಂದ ಅಸಿಟಿಕ್ ಆಮ್ಲ ಕಳಚಿಕೊಳ್ಳುತ್ತದೆ, ಖಾಲಿಯಾದ ಜಾಗದಲ್ಲಿ ಸರಪಳಿಗಳು ಕೂಡಿಕೊಳ್ಳುತ್ತವೆ. ಮೂಗಿಗೆ ಬಡಿಯುವ ವಿನೆಗರ್ ವಾಸನೆ ಆ ಆಮ್ಲದ್ದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ದಾರಿಯಲ್ಲಿ ರಬ್ಬರಿನ ಸರಪಳಿಗಳನ್ನು ಹೆಣೆಯಲು ಗಂಧಕವೂ ಬೇಕು, ಕಾವೂ ಬೇಕು. ಸಿಲಿಕೋನಿನಲ್ಲಿ ಅದೇ ಕೆಲಸವನ್ನು ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಗಾಳಿಯ ತೇವವೇ ಮಾಡಿ ಮುಗಿಸುತ್ತದೆ. ಹಾಗಾಗಿ ಬೇಗ ಗಟ್ಟಿಯಾಗಲಿ ಎಂದು ಹೇರ್ ಡ್ರೈಯರ್ ಹಿಡಿಯುವುದರಿಂದ ಪ್ರಯೋಜನ ಕಡಿಮೆ. ಒಣಬಿಸಿ ಗಾಳಿ ಬೇಕಾದ ತೇವವನ್ನೇ ದೂರ ಅಟ್ಟುತ್ತದೆ.

ಗಾಳಿಯ ತೇವ ಹೊರಗಿನಿಂದ ಒಳಕ್ಕೆ ನುಸುಳಬೇಕು. ಮೊದಲ ದಿನ ಅದು ಸುಮಾರು 2ರಿಂದ 3 ಮಿ.ಮೀ. ಆಳಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಆಗಲೇ ರಬ್ಬರಾದ ಪದರವನ್ನು ದಾಟಿ ಹೋಗಬೇಕಾದ್ದರಿಂದ ವೇಗ ಇಳಿಯುತ್ತ ಹೋಗುತ್ತದೆ: ಆಳ ಎರಡರಷ್ಟಾದರೆ ಕಾಲ ಹತ್ತಿರಹತ್ತಿರ ನಾಲ್ಕರಷ್ಟು. 20 ಮಿ.ಮೀ. ದಪ್ಪದ ಉಂಡೆಯ ನಡುಭಾಗಕ್ಕೆ 10 ಮಿ.ಮೀ. ದೂರ, ಅಂದರೆ ಸುಮಾರು ಹನ್ನೊಂದರಿಂದ ಇಪ್ಪತ್ತೈದು ದಿನ. ನಿಮ್ಮ ಮೊದಲ ಉಂಡೆಯನ್ನು ಬ್ಲೇಡಿನಿಂದ ಸರಿಯಾಗಿ ಎರಡು ಹೋಳು ಮಾಡಿ ನೋಡಿ. ಅಂಚಿನಲ್ಲಿ ಉಂಗುರದ ಹಾಗೆ ಎಲ್ಲ ಕಡೆಯೂ ಸಮದಪ್ಪದ ರಬ್ಬರ್ ಪಟ್ಟಿ, ಅದರೊಳಗೆ ಬ್ಲೇಡಿಗೆ ಎಳೆಎಳೆಯಾಗಿ ಅಂಟಿಬರುವ ಪೇಸ್ಟ್, ಕತ್ತರಿಸಿದ ಕ್ಷಣ ಹೊಸದಾಗಿ ಏಳುವ ಘಾಟು. ಆ ಪಟ್ಟಿಯ ಅಗಲವೇ ನೀರು ನಡೆದ ದೂರ.

ಕಾರ್ನ್‌ಫ್ಲೋರ್, ಅಂದರೆ ಮೆಕ್ಕೆಜೋಳದ ಪಿಷ್ಟ, ಈ ನಡಿಗೆಯನ್ನೇ ತಪ್ಪಿಸುತ್ತದೆ. ಸಾಧಾರಣ ಗಾಳಿಯಲ್ಲಿಟ್ಟ ಪಿಷ್ಟ, ಮುಟ್ಟಿದರೆ ಒಣಗಿದಂತಿದ್ದರೂ, ತನ್ನ ತೂಕದ ನೂರಕ್ಕೆ 10ರಿಂದ 13 ಪಾಲು ನೀರನ್ನು ಒಳಗಿಟ್ಟುಕೊಂಡಿರುತ್ತದೆ. 100 ಗ್ರಾಂ ಸೀಲಂಟ್‌ಗೆ 60 ಗ್ರಾಂ ಪಿಷ್ಟ ಬೆರೆಸಿದರೆ 6–8 ಗ್ರಾಂ ನೀರು ಒಳಹೊಕ್ಕಂತಾಯಿತು. ಹೆಣಿಗೆಗೆ ಬೇಕಾದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಪ್ರತಿ ಕಣವೂ ಒಂದು ಪುಟ್ಟ ನೀರಿನ ತೊಟ್ಟಿಯಾಗಿ ಮಿಶ್ರಣದ ತುಂಬ ಹರಡಿರುವುದರಿಂದ ಅಂಚೂ ನಡುಭಾಗವೂ ಹೆಚ್ಚುಕಡಿಮೆ ಒಟ್ಟಿಗೇ ಗಟ್ಟಿಯಾಗುತ್ತವೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಚಮಚ ಪಿಷ್ಟವನ್ನು 110 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಆರಿಸಿ, ಕೂಡಲೇ ಸೀಲಂಟ್‌ಗೆ ಬೆರೆಸಿ. ಪಕ್ಕದಲ್ಲಿ ಅಷ್ಟೇ ಅಳತೆಯ ಸಾದಾ ಪಿಷ್ಟದ ಉಂಡೆ ಇಟ್ಟುಕೊಳ್ಳಿ. ಸಾದಾ ಉಂಡೆ ರಬ್ಬರಾದ ಮೇಲೂ ಒಣಗಿಸಿದ್ದು ಬಹಳ ಹೊತ್ತು ಒಳಗೆ ಮೆತ್ತಗೇ ಇರುತ್ತದೆ. ಈ ಒಂದು ಪ್ರಯೋಗ ಮಾಡಿದವರಿಗೆ ಮುಂದಿನ ಅಳತೆಗಳನ್ನು ಬಾಯಿಪಾಠ ಮಾಡುವ ಅಗತ್ಯ ಬರುವುದಿಲ್ಲ.

ಯಾವ ಸೀಲಂಟ್, ಯಾವ ಪುಡಿ

ಬೇಕಾದದ್ದು ವಿನೆಗರ್ ವಾಸನೆಯ ಅಸಿಟಾಕ್ಸಿ ಜಾತಿಯ, ನೂರಕ್ಕೆ ನೂರು ಸಿಲಿಕೋನ್ ಎಂದು ಬರೆದಿರುವ ಸೀಲಂಟ್. 'ನ್ಯೂಟ್ರಲ್ ಕ್ಯೂರ್' (ಆಮ್ಲ ಬಿಡದೆ ಗಟ್ಟಿಯಾಗುವಂಥದ್ದು) ಎಂದಿರುವುದೂ ಸಿಲಿಕೋನೇ, ಆದರೆ ಪಿಷ್ಟದೊಂದಿಗೆ ನಿಧಾನ. ಎಷ್ಟು ನಿಧಾನ ಎಂಬುದು ಪ್ರತಿ ತಯಾರಿಕೆಯಲ್ಲೂ ಬೇರೆ. 'ಅಕ್ರಿಲಿಕ್' ಅಥವಾ 'ಬಣ್ಣ ಹಚ್ಚಬಹುದು' ಎಂದಿದ್ದರೆ ಬಿಟ್ಟುಬಿಡಿ. ಅದು ನೀರಿನಲ್ಲಿ ಕದಡಿದ ವಸ್ತು, ನಿಜಕ್ಕೂ ಒಣಗಿಯೇ ಗಟ್ಟಿಯಾಗುವಂಥದ್ದು. ಪಿಷ್ಟ ಹಾಕಿದರೆ ಮುದ್ದೆಯಾಗುತ್ತದೆಯೇ ಹೊರತು ರಬ್ಬರಾಗುವುದಿಲ್ಲ. ಹಳೆಯ ಕೊಳವೆಯಾದರೆ ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲೆ 5 ಮಿ.ಮೀ. ದಪ್ಪದ ಗೆರೆ ಎಳೆದು ನೋಡಿ. 10ರಿಂದ 20 ನಿಮಿಷದೊಳಗೆ ಬೆರಳಿಗೆ ಅಂಟದ ಚರ್ಮ ಕಟ್ಟಬೇಕು. ಅರ್ಧ ಗಂಟೆ ಕಳೆದರೂ ಕಟ್ಟದಿದ್ದರೆ ಆ ಕೊಳವೆಗೆ ವಯಸ್ಸಾಗಿದೆ, ಯಾವ ಅಳತೆಯೂ ಅದನ್ನು ಸರಿಮಾಡದು.

ಪುಡಿಯ ವಿಷಯದಲ್ಲಿ ಹೆಸರು ಹಲವರನ್ನು ದಾರಿ ತಪ್ಪಿಸುತ್ತದೆ. ಬೇಕಾದದ್ದು ಮೆಕ್ಕೆಜೋಳದ ಹಳದಿ ಹಿಟ್ಟಲ್ಲ, ಅದರಿಂದ ಬೇರ್ಪಡಿಸಿದ ಅಚ್ಚಬಿಳಿ ಪಿಷ್ಟ. ಎರಡು ಬೆರಳ ನಡುವೆ ಒತ್ತಿ ಉಜ್ಜಿದರೆ ಕಿರಕಿರ ಎನ್ನಬೇಕು. ಹಳದಿ ಹಿಟ್ಟಿನ ಕಣ ದಪ್ಪ, ಮೇಲ್ಮೈ ಒರಟಾಗುತ್ತದೆ.

ನಿಮ್ಮ ಮೂರನೆಯ ಪ್ರಯತ್ನದಲ್ಲಿ ನಡೆದದ್ದೂ ನೇರವಾದ ರಸಾಯನವೇ. ಸುಣ್ಣದಕಲ್ಲಿನ ಪುಡಿ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಾಳಿಯ ತೇವದಿಂದ ಒಂದಿಷ್ಟು ಅಸಿಟಿಕ್ ಆಮ್ಲ ಹೊರಬಂದೊಡನೆ ಅದು ಈ ಪುಡಿಯೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಕೊಡುತ್ತದೆ. ಆ ನೀರು ಇನ್ನಷ್ಟು ಆಮ್ಲವನ್ನು ಬಿಡಿಸುತ್ತದೆ, ಆ ಆಮ್ಲ ಇನ್ನಷ್ಟು ಅನಿಲವನ್ನು. ಸುತ್ತಲಿನ ಸಿಲಿಕೋನ್ ಗಟ್ಟಿಯಾಗುತ್ತಿರುವುದರಿಂದ ಗುಳ್ಳೆಗಳು ಹೊರಬರಲಾರದೆ ಒಳಗೇ ಉಳಿಯುತ್ತವೆ. ಅಡುಗೆ ಸೋಡಾ ಹಾಕಿದರೂ ಇದೇ ಗತಿ. ಹಗುರವಾದ ಸ್ಪಂಜಿನಂಥ ತುಂಡೇ ಬೇಕಿದ್ದರೆ ಇದನ್ನು ಬೇಕೆಂದೇ ಮಾಡಬಹುದು, ಅಚ್ಚಿಗೆ ಮಾತ್ರ ಬೇಡ. ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ ಈಗ ಬಹಳ ಕಡೆ ಜಿಪ್ಸಮ್‌ನಿಂದ ಆಗಿರುವುದರಿಂದ ಅದು ಉಬ್ಬದೆ ಇರಬಹುದು. ಒಂದು ಹನಿ ವಿನೆಗರ್ ಬಿಟ್ಟು ನೊರೆ ಬರುತ್ತದೆಯೇ ನೋಡಿದರೆ ತಿಳಿಯುತ್ತದೆ. ಟಾಲ್ಕ್ ಪುಡಿ ಉಬ್ಬುವುದಿಲ್ಲ, ಆದರೆ ನೀರನ್ನೂ ತರುವುದಿಲ್ಲ. ಅದನ್ನಷ್ಟೇ ಹಾಕಿದರೆ ದಪ್ಪ ತುಂಡು ಮತ್ತೆ ಒಳಗೆ ಹಸಿ.

ಅಳತೆ ಮತ್ತು ಕಲಸುವ ಹದ

ಚಮಚದ ಲೆಕ್ಕಕ್ಕಿಂತ ತಕ್ಕಡಿ ಮೇಲು. ಪಿಷ್ಟವನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. 30 ಮಿ.ಲೀ. ಸೀಲಂಟ್ ಸುಮಾರು 30 ಗ್ರಾಂ. ಅಷ್ಟೇ ಗಾತ್ರದ ಸಡಿಲ ಪಿಷ್ಟ 17–18 ಗ್ರಾಂ. ಇದೇ 'ಒಂದಕ್ಕೊಂದು' ಎಂದು ಹೇಳುವ ಅಳತೆ. ಹಿಡಿಕೆಗೂ ಅಚ್ಚಿಗೂ ಇಲ್ಲಿಂದಲೇ ಆರಂಭಿಸಿ. ಪಿಷ್ಟ 9 ಗ್ರಾಂಗೆ ಇಳಿದರೆ ರಬ್ಬರ್ ಮೆತ್ತಗೆ, ಚೆನ್ನಾಗಿ ಹಿಗ್ಗುತ್ತದೆ, ಆದರೆ ಕೈಗೆ ವಿಪರೀತ ಅಂಟುತ್ತದೆ ಮತ್ತು ಗಟ್ಟಿಯಾಗಲು ತಡ. 26 ಗ್ರಾಂನಷ್ಟಾದರೆ ಕಣಕದ ಹದ ಬರುತ್ತದೆ, ಆಕಾರ ಚೆನ್ನಾಗಿ ನಿಲ್ಲುತ್ತದೆ, ಬಾಗುವ ಗುಣ ಕುಗ್ಗುತ್ತದೆ. 35 ಗ್ರಾಂ ಮುಟ್ಟಿದರೆ ಕಣಗಳ ನಡುವೆ ಸಿಲಿಕೋನ್ ತೆಳು ಪೊರೆಯಾಗಿಯಷ್ಟೇ ಉಳಿಯುತ್ತದೆ. ಬಗ್ಗಿಸಿದಾಗ ಆ ಪೊರೆಗಳೇ ಹರಿಯುತ್ತವೆ. ನಿಮ್ಮ ಎರಡನೆಯ ತುಂಡು ಪುಡಿಯಾದದ್ದು ಹೀಗೆ. ಪಿಷ್ಟಕ್ಕೆ ತನ್ನದೇ ಆದ ಬಲವಿಲ್ಲ, ಅಂಟಿಸಿ ಹಿಡಿಯುವ ಗುಣವಂತೂ ಇಲ್ಲವೇ ಇಲ್ಲ. ಅದರ ಪ್ರತಿ ಗ್ರಾಮೂ ರಬ್ಬರಿನ ಹರಿಯದ ಶಕ್ತಿಯನ್ನು ತುಸು ತಿನ್ನುತ್ತದೆ.

ಒಂದು ಕೊಳವೆಯನ್ನು ಪೂರ್ತಿ ಕಲಸುವ ಮುನ್ನ 10 ಗ್ರಾಂ ಸೀಲಂಟ್‌ನ ನಾಲ್ಕು ಉಂಡೆ ಮಾಡಿ: ಪಿಷ್ಟ 3, 6, 9, 12 ಗ್ರಾಂ. ಪ್ರತಿಯೊಂದರಿಂದ 3 ಮಿ.ಮೀ. ದಪ್ಪದ ಪಟ್ಟಿಯನ್ನೂ ಒಂದು ಗುಂಡನೆಯ ಉಂಡೆಯನ್ನೂ ಮಾಡಿ ಕಲಸಿದ ಹೊತ್ತು ಬರೆದಿಡಿ. ಒಂದು ಗಂಟೆಗೆ ಉಂಡೆ ಕತ್ತರಿಸಿ ನಡುಭಾಗ ಮುಟ್ಟಿ ನೋಡಿ. ಮರುದಿನ ಪಟ್ಟಿಯನ್ನು ಪೂರ್ತಿ ಮಡಚಿ, ಮಡಿಕೆಯನ್ನು ಉಗುರಿನಿಂದ ಒತ್ತಿ. ಬಿರುಕು ಎಲ್ಲಿ ಶುರುವಾಗುತ್ತದೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಳತೆಯೇ ನಿಮ್ಮ ಮೇಲ್ಮಿತಿ. ಇದಕ್ಕೆ ಖರ್ಚಾಗುವುದು 40 ಗ್ರಾಂ ಸೀಲಂಟ್, ಉಳಿಯುವುದು ಹಲವು ಕೊಳವೆ.

ಕಲಸುವಾಗ ಕಿಟಕಿ ತೆರೆದಿರಲಿ. ಅಸಿಟಿಕ್ ಆಮ್ಲದ ಆವಿ ಕಣ್ಣು, ಗಂಟಲನ್ನು ಉರಿಸುತ್ತದೆ. ಕೈಗೆ ನೈಟ್ರೈಲ್ ಕೈಗವಸು, ಮೇಜಿಗೆ ಪಾಲಿಥೀನ್ ಹಾಳೆ. ಮೊದಲು ಪಿಷ್ಟವನ್ನು ತೂಗಿ ಅದರಲ್ಲೊಂದು ಗುಣಿ ಮಾಡಿ, ಸೀಲಂಟನ್ನು ಅದರೊಳಕ್ಕೆ ಹಿಂಡಿ, ಕಡ್ಡಿಯಿಂದ ಅರ್ಧ ನಿಮಿಷ ಕಲಸಿ. ಬಣ್ಣ ಬೇಕಿದ್ದರೆ ಈ ಹಂತದಲ್ಲೇ ಒಣ ಬಣ್ಣದ ಪುಡಿ ಒಂದು ಚಿಟಿಕೆ, ಇಲ್ಲವೇ ಕಲಾವಿದರ ತೈಲವರ್ಣ ಬಟಾಣಿ ಗಾತ್ರ. ಅಕ್ರಿಲಿಕ್ ಬಣ್ಣದಲ್ಲಿ ಹೆಚ್ಚುವರಿ ನೀರಿದೆ. ಅದನ್ನು ಹಾಕಿದರೆ ಕೈಯಲ್ಲಿರುವಾಗಲೇ ಗಂಟುಕಟ್ಟಲು ಶುರುವಾಗುತ್ತದೆ. ಆಮೇಲೆ ಕೈಗವಸಿಗೆ ಪಿಷ್ಟ ಸವರಿಕೊಂಡು ಒಂದು ನಿಮಿಷ ನಾದಿ. ಎಳೆದಾಗ ಬಿಳಿ ಗೆರೆಗಳು ಕಾಣದಂತಾದರೆ ಸಾಕು. ಅಲ್ಲಿಂದ ಆಕಾರ ಕೊಡಲು ನಿಮಗೆ ಸಿಗುವುದು 5ರಿಂದ 10 ನಿಮಿಷ, ಸೆಕೆ ಮತ್ತು ತೇವದ ಹವೆಯಲ್ಲಿ ಅದಕ್ಕಿಂತ ಕಡಿಮೆ. ಎಳೆದಾಗ ಮೇಲ್ಮೈ ಮೊಸರಿನ ಹಾಗೆ ಒಡೆದು ಕಂಡರೆ ಹೆಣಿಗೆ ಆರಂಭವಾಗಿದೆ ಎಂದು ತಿಳಿಯಿರಿ. ಆಮೇಲೆ ಮುಟ್ಟಬೇಡಿ; ಆ ಹೊತ್ತಿನಲ್ಲಿ ಮಿದ್ದಿದರೆ ಆಗತಾನೆ ಕೂಡಿಕೊಂಡ ಸರಪಳಿಗಳನ್ನು ಹರಿದ ಹಾಗೆ, ಅವು ಮತ್ತೆ ಕೂಡುವುದಿಲ್ಲ.

ಮೇಲ್ಮೈ ನುಣುಪಾಗಲು ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ಕೆಲವು ಹನಿ ಬೆರೆಸಿ, ಬೆರಳು ಅದ್ದಿ ಸವರಿ. ಇದು ಕೊನೆಯ ಕೆಲಸವಾಗಿರಲಿ. ಸಾಬೂನು ನೀರು ತಾಗಿದ ಎರಡು ಮುಖಗಳನ್ನು ಮಡಚಿ ಒತ್ತಿದರೆ ಅವು ಒಂದಾಗುವುದಿಲ್ಲ, ಗಟ್ಟಿಯಾದ ಮೇಲೆ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತವೆ.

ಹಿಡಿಕೆಗೆ

ಸೋಲುವುದು ಹೆಚ್ಚಾಗಿ ರಬ್ಬರಿನಲ್ಲಲ್ಲ, ರಬ್ಬರೂ ಹಿಡಿಕೆಯೂ ಕೂಡುವ ಜಾಗದಲ್ಲಿ. ಪಿಷ್ಟ ಬೆರೆತ ಮೇಲೆ ಸಿಲಿಕೋನಿನ ಅಂಟುವ ಗುಣ ಬಹಳ ಇಳಿಯುತ್ತದೆ. ಹಿಡಿಕೆಯನ್ನು 120 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಏನೂ ಬೆರೆಸದ ಸೀಲಂಟನ್ನು ಅರ್ಧ ಮಿ.ಮೀ.ಗೂ ಕಡಿಮೆ ದಪ್ಪಕ್ಕೆ ಬೆರಳಿನಿಂದ ಸವರಿ. ಅದು ಹಸಿ ಇರುವಾಗಲೇ ಕಲಸಿದ ಮಿಶ್ರಣವನ್ನು 3–4 ಮಿ.ಮೀ. ದಪ್ಪಕ್ಕೆ ಒತ್ತಿ ಸುತ್ತಿ. ತೆಳು ಪದರ ಗೋಂದಿನ ಕೆಲಸ ಮಾಡುತ್ತದೆ, ಮೇಲಿನದು ಮೆತ್ತೆಯ ಕೆಲಸ. ಪಾಲಿಥೀನ್, ಪಾಲಿಪ್ರೊಪಿಲೀನ್ ಹಿಡಿಕೆಗಳಿಗೆ ಯಾವ ಸಿಲಿಕೋನೂ ಅಂಟುವುದಿಲ್ಲ. ಅಲ್ಲಿ ಸುತ್ತಲೂ ದಾರ ಬಿಗಿದು, ಇಲ್ಲವೇ ಅಲ್ಲಲ್ಲಿ ತೂತು ಕೊರೆದು, ರಬ್ಬರ್ ಕಚ್ಚಿಕೊಳ್ಳುವಂತೆ ಮಾಡಬೇಕು. ಬರೀ ಕಬ್ಬಿಣ, ತಾಮ್ರ, ಹಿತ್ತಾಳೆಯನ್ನು ಅಸಿಟಿಕ್ ಆಮ್ಲ ತಿನ್ನುತ್ತದೆ: ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು. ಅಂಥ ಕಡೆ ಮೊದಲು ವಾರ್ನಿಷ್ ಹಚ್ಚಿ ಒಣಗಿಸಿ, ಅಥವಾ ನ್ಯೂಟ್ರಲ್ ಸೀಲಂಟ್ ಬಳಸಿ ಹೆಚ್ಚು ಹೊತ್ತು ಕಾಯಿರಿ. ವಿದ್ಯುತ್ ತಂತಿಯ ಹರಿದ ಹೊದಿಕೆಗೆ ಈ ಮನೆಮಿಶ್ರಣವನ್ನು ಯಾವ ಕಾರಣಕ್ಕೂ ಸುತ್ತಬೇಡಿ. ಆಮ್ಲದ ಜೊತೆಗೆ ತೇವ ಹಿಡಿದಿಟ್ಟುಕೊಳ್ಳುವ ಪಿಷ್ಟವೂ ಅದರಲ್ಲಿದೆ.

ಪಿಷ್ಟ ಬೂಸ್ಟಿಗೂ ಆಹಾರ. ಸದಾ ನೀರು ತಾಗುವ ಕಡೆ ಇಟ್ಟ ತುಂಡಿನ ಮೇಲೆ ಕೆಲವು ವಾರಗಳಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಳ್ಳಬಹುದು. ಅಂಥ ಬಳಕೆಗೆ ಪಿಷ್ಟವಿಲ್ಲದ ದಾರಿಯಿದೆ: ಒಂದು ಲೀಟರ್ ನೀರಿಗೆ ಸಾಬೂನನ್ನು ಧಾರಾಳವಾಗಿ ಕದಡಿ, ಸೀಲಂಟನ್ನು ನೀರಿನೊಳಕ್ಕೇ ಹಿಂಡಿ, ಮುಳುಗಿಸಿಟ್ಟುಕೊಂಡೇ ಒಂದೆರಡು ನಿಮಿಷ ನಾದಿ. ಸಾಬೂನು ಕೈಗೆ ಅಂಟದಂತೆ ತಡೆಯುತ್ತದೆ, ನಾದುವಾಗ ನೀರು ಒಳಹೊಕ್ಕು ಹೆಣಿಗೆ ಶುರುವಾಗುತ್ತದೆ. ಬರುವ ರಬ್ಬರ್ ಪಿಷ್ಟದ್ದಕ್ಕಿಂತ ಗಟ್ಟಿಮುಟ್ಟು, ಅರೆಪಾರದರ್ಶಕ. ತೊಂದರೆ ಎಂದರೆ ಮಡಿಕೆಗಳಲ್ಲಿ ನೀರು ಸಿಕ್ಕಿಕೊಳ್ಳುವುದು. ಹಿಟ್ಟು ನಾದಿದ ಹಾಗೆ ಮಡಚದೆ, ಹಿಂಡಿ ಹಿಂಡಿ ಒತ್ತಬೇಕು.

ಅಚ್ಚಿಗೆ

ಸಣ್ಣ ಗೆರೆಗಳಿರುವ ಮಾದರಿಯ ಮೇಲೆ ಒಂದೇಟಿಗೆ ಮುದ್ದೆ ಒತ್ತಿದರೆ ಮೂಲೆಗಳಲ್ಲಿ ಗಾಳಿ ಸಿಕ್ಕಿ ಅಚ್ಚಿನಲ್ಲಿ ಗುಳಿಗಳಾಗುತ್ತವೆ. ಎರಡು ಪದರದಲ್ಲಿ ಮಾಡಿ. ಮರ, ಪ್ಲಾಸ್ಟರ್‌ನಂಥ ಸಣ್ಣ ರಂಧ್ರಗಳಿರುವ ಮಾದರಿಯನ್ನು ವಾರ್ನಿಷ್‌ನಿಂದ ಮುಚ್ಚಿ. ಅದರ ಮೇಲೆ, ಮತ್ತು ಗಾಜು, ಪಿಂಗಾಣಿಯ ಮಾದರಿಯಾದರೆ ನೇರವಾಗಿ, ವ್ಯಾಸಲೀನನ್ನು ಕಂಡೂ ಕಾಣದಷ್ಟು ತೆಳುವಾಗಿ ಸವರಿ. ಗಾಜಿಗೆ ಸಿಲಿಕೋನ್ ಎಷ್ಟು ಕಚ್ಚುತ್ತದೆಂದರೆ ಬಿಡಿಸುವಾಗ ಅಚ್ಚೇ ಹರಿಯುತ್ತದೆ. ವ್ಯಾಸಲೀನ್ ದಪ್ಪವಾದರೆ ಕುಂಚದ ಗೆರೆಗಳೂ ಅಚ್ಚಿನಲ್ಲಿ ಮೂಡುತ್ತವೆ ಎಂಬುದೂ ನೆನಪಿರಲಿ.

ಮೊದಲ ಪದರಕ್ಕೆ ಬರೀ ಸೀಲಂಟ್. ತೂಕದ ಹತ್ತನೇ ಒಂದು ಪಾಲು ಮಿನರಲ್ ಟರ್ಪೆಂಟೈನ್ ಬೆರೆಸಿದರೆ ಕುಂಚದಿಂದ ಚುಚ್ಚಿ ಚುಚ್ಚಿ ಪ್ರತಿ ಸಂದಿಗೂ ಇಳಿಸಬಹುದು. ದಪ್ಪ 1 ಮಿ.ಮೀ. ಸಾಕು. ಬೆಂಕಿಯಿಂದ ದೂರವಿರಿ, ಟರ್ಪೆಂಟೈನ್ ಆವಿ ಹೊತ್ತಿಕೊಳ್ಳುವಂಥದ್ದು. 30–40 ನಿಮಿಷದಲ್ಲಿ ಈ ಪದರ ಅಂಟಂಟಾಗಿ ನಿಲ್ಲುತ್ತದೆ. ಆಗ ಒಂದಕ್ಕೊಂದು ಅಳತೆಯ ಮಿಶ್ರಣವನ್ನು 8ರಿಂದ 10 ಮಿ.ಮೀ. ದಪ್ಪಕ್ಕೆ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಿ. ಹಿಂಬದಿಯನ್ನು ಹಲಗೆಯಿಂದ ಸಪಾಟು ಮಾಡಿದರೆ ಮುಂದೆ ಎರಕ ಹೊಯ್ಯುವಾಗ ಅಚ್ಚು ಅಲುಗದೆ ಕೂರುತ್ತದೆ. ಮೂರು ನಾಲ್ಕು ಗಂಟೆಗೆ ಬಿಡಿಸಬಹುದು, ಮರುದಿನ ಬಿಡಿಸುವುದು ಉತ್ತಮ. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ, ಎಂದರೆ ಇನ್ನೂ ಎರಡು ಮೂರು ದಿನ, ಅದರಲ್ಲಿ ಏನನ್ನೂ ಹೊಯ್ಯಬೇಡಿ.

ಆಮ್ಲವೂ ಟರ್ಪೆಂಟೈನೂ ಹೊರಟುಹೋಗುವುದರಿಂದ ಅಚ್ಚು ತುಸು ಕುಗ್ಗುತ್ತದೆ. ಒಂದಕ್ಕೊಂದು ಕೂರಬೇಕಾದ ಭಾಗಗಳಿಗೆ ಇದು ಆಗದು; ಅಲಂಕಾರದ ಬಿಲ್ಲೆ, ಪದಕ, ಎಲೆಯ ಅಚ್ಚುಗಳಿಗೆ ಧಾರಾಳ ಸಾಕು. ಪ್ಲಾಸ್ಟರ್ ಆಫ್ ಪ್ಯಾರಿಸ್, ಸೋಪು, ಮೇಣ ನಿಶ್ಚಿಂತೆಯಿಂದ ಹೊಯ್ಯಬಹುದು. ಕರಗಿದ ಲೋಹ ಸಲ್ಲದು, ಪಿಷ್ಟ ಸುಟ್ಟುಹೋಗುತ್ತದೆ. ತಿನ್ನುವ ಪದಾರ್ಥವೂ ಸಲ್ಲದು. ಸ್ನಾನದ ಮನೆಗೆಂದು ಮಾಡಿದ ಎಷ್ಟೋ ಸೀಲಂಟ್‌ಗಳಲ್ಲಿ ಬೂಸ್ಟು ತಡೆಯುವ ವಿಷ ಬೆರೆತಿರುತ್ತದೆ.

ಸಿದ್ಧ ಮಿದ್ದುರಬ್ಬರ್

ಐರ್ಲೆಂಡಿನ ಜೇನ್ ನೀ ಗುಲ್ಹೀಂಟಿ ರೂಪಿಸಿ 2009ರಲ್ಲಿ ಮಾರುಕಟ್ಟೆಗೆ ತಂದ ಸುಗ್ರು ಈ ಬಗೆಯವುಗಳಲ್ಲಿ ಹೆಸರುವಾಸಿ. ಅದೂ ಗಾಳಿಯ ತೇವದಿಂದ ಗಟ್ಟಿಯಾಗುವ ಸಿಲಿಕೋನೇ, ಆದರೆ ಅದರ ಪುಡಿ ನೀರನ್ನು ಹೊತ್ತು ತರುವುದಿಲ್ಲ. ಹಾಗಾಗಿಯೇ ಮುಚ್ಚಿದ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಹಸಿಯಾಗಿ ಉಳಿಯುತ್ತದೆ, ತೆರೆದ ಮೇಲೆ ಮಿದ್ದಲು ಸುಮಾರು 30 ನಿಮಿಷ ಕೊಡುತ್ತದೆ, 3 ಮಿ.ಮೀ. ದಪ್ಪ ಗಟ್ಟಿಯಾಗಲು 24 ಗಂಟೆ ತೆಗೆದುಕೊಳ್ಳುತ್ತದೆ. ಅಂಟುವ ಗುಣ ಮನೆಯ ಮಿಶ್ರಣಕ್ಕಿಂತ ಬಹಳ ಮೇಲು. ಒಡೆದ ಹಿಡಿಕೆಯೊಂದನ್ನು ಸರಿಪಡಿಸಲು ನಾನು ಸಲಹೆ ಮಾಡುವುದು ಅದನ್ನೇ. ಹತ್ತು ಅಚ್ಚು ಮಾಡಿ ಎಂಟನ್ನು ಎಸೆಯುತ್ತ ಕಲಿಯಲು ಪಿಷ್ಟದ ಮಿಶ್ರಣವನ್ನು.

ನಿಖರ ಅಳತೆಯ ಅಚ್ಚು ಬೇಕೆಂದಾದರೆ ಎರಡು ಭಾಗದ, ಪ್ಲಾಟಿನಮ್ ವೇಗವರ್ಧಕವಿರುವ ಸಿಲಿಕೋನ್ ಮುದ್ದೆ ಕೊಳ್ಳಿ. ಎರಡನ್ನೂ ಸಮತೂಕ ತೆಗೆದು ಬಣ್ಣ ಒಂದಾಗುವವರೆಗೆ ನಾದಿದರೆ ಕೆಲವೇ ನಿಮಿಷದಲ್ಲಿ ನಿಲ್ಲುತ್ತದೆ, ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ನೀರಿನ ಹಂಗಿಲ್ಲ, ಬದಲಿಗೆ ಬೇರೆ ಶತ್ರುಗಳಿವೆ: ಗಂಧಕ, ತವರದ ಸಂಯುಕ್ತಗಳು, ಅಮೀನ್‌ಗಳೆಂಬ ಸಾರಜನಕದ ಸಂಯುಕ್ತಗಳು. ಗಂಧಕವಿರುವ ಮಾದರಿ ಜೇಡಿ, ಲೇಟೆಕ್ಸ್ ಕೈಗವಸು, ತವರ ವೇಗವರ್ಧಕದ ಇನ್ನೊಂದು ಸಿಲಿಕೋನ್ ತಾಗಿದ ಜಾಗ ಎಷ್ಟು ದಿನ ಕಾದರೂ ಅಂಟಾಗಿಯೇ ಇರುತ್ತದೆ. ಹೊಸ ಮಾದರಿಯ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಮುದ್ದೆ ಒತ್ತಿ ನೋಡಿ, ಅದು ಗಟ್ಟಿಯಾದ ಮೇಲೇ ಮುಂದುವರಿಯಿರಿ.

ಪಿಷ್ಟ ಸೇರಿದ ಮಿಶ್ರಣವನ್ನು ಎತ್ತಿಡುವ ಉಪಾಯವಿಲ್ಲ. ಕಲಸಿದಷ್ಟನ್ನೂ ಆಗಲೇ ಬಳಸಬೇಕು. ತೆರೆದ ಕೊಳವೆಯಾದರೆ ಮೂತಿಯಿಂದ ಒಂದು ಸೆಂ.ಮೀ. ಸೀಲಂಟ್ ಹೊರಚಾಚಿರುವಂತೆ ಬಿಟ್ಟಿಡಿ. ಅದು ಗಟ್ಟಿಯಾಗಿ ಬಿರಡೆಯಾಗುತ್ತದೆ. ಮುಂದಿನ ಸಲ ಆ ಬಿರಡೆಯೊಳಕ್ಕೆ ತಿರುಪುಮೊಳೆಯೊಂದನ್ನು ತಿರುಗಿಸಿ ಎಳೆದರೆ ಪೂರ್ತಿ ಹೊರಬರುತ್ತದೆ. ಕೈಗೆ, ಉಪಕರಣಕ್ಕೆ ಅಂಟಿದ ಹಸಿ ಸಿಲಿಕೋನನ್ನು ಮೊದಲು ಒಣಬಟ್ಟೆಯಿಂದಲೇ ಒರೆಸಿ ತೆಗೆದು, ಆಮೇಲೆ ಸಾಬೂನು ಹಾಕಿ ತೊಳೆಯಿರಿ.